ಚಪ್ಪರವೋ ಕೊಂಪೆಯೋ

ಮಗಳ ಮದುವೆಗೆ ಬೀಗರು ಬರುವ ಹೊತ್ತಿಗೆ ಕೇತರಸನಿಗೆ ತನ್ನ ರಾಜ್ಯದ ಮೇಲೆ ಇಲ್ಲದ ಪ್ರೀತಿ ಉಕ್ಕಿತು. "ನಮ್ಮಲ್ಲಿ ಕೊಂಪೆ ಅನ್ನುವುದು ಒಂದೂ ಇಲ್ಲ ಅಂತ ಬೀಗರಿಗೆ ಹೇಳಿಬಿಟ್ಟಿದ್ದೇನೆ" ಎಂದು ಸಭೆಯಲ್ಲಿ ಮೀಸೆ ತಿರುವಿದ.

"ಕೋಟೆ ಬಾಗಿಲ ಎದುರಿಗೇ ಒಂದಿದೆಯಲ್ಲ ಪ್ರಭು" ಅಂದ ವಿದೂಷಕ ಬೊಪ್ಪಯ್ಯ.

"ನಾಳೆ ಸೂರ್ಯ ಮುಳುಗುವುದರೊಳಗೆ ಅದು ಇರಕೂಡದು. ನೀನೇ ನಿಂತು ಕೀಳಿಸು."

ಆ ಕೊಂಪೆಯಲ್ಲಿದ್ದವರು ಅರಮನೆ ಕಟ್ಟಲು ಕರೆಸಿದ್ದ ಕೂಲಿಗಳು. ಮದುವೆ ಚಪ್ಪರ ಹಾಕಿದವರೂ ಅವರೇ. ಅವರಿಗೂ ಒಂದು ಸೂರು ಬೇಕು ಎಂಬುದು ಮಾತ್ರ ಅರಮನೆಗೆ ಮರೆತುಹೋಗಿತ್ತು. ಸುದ್ದಿ ಕೇಳಿ ಬಾಣಂತಿ ಸಿದ್ದವ್ವ ಬೊಪ್ಪಯ್ಯನನ್ನು ದಾರಿಯಲ್ಲೇ ತಡೆದಳು. "ಮೋಡ ಬೇರೆ ಕಟ್ಟೈತೆ ಸ್ವಾಮಿ. ಹಸುಗೂಸು ಕಟ್ಕೊಂಡು ಎಲ್ಲಿಗ್ ಹೋಗ್ಲಿ?"

ಬೊಪ್ಪಯ್ಯ ತಿರುಗಿ ಸಭೆಗೇ ಬಂದ. "ಪ್ರಭು, ಕೆಲಸದಲ್ಲಿ ತಪ್ಪಾಗಬಾರದು. ಕೊಂಪೆ ಅಂದರೆ ಏನು ಅಂತ ಆಸ್ಥಾನ ಪಂಡಿತರು ಒಮ್ಮೆ ಹೇಳಲಿ."

ಪಂಡಿತರು ಗಂಟಲು ಸರಿಮಾಡಿಕೊಂಡರು. "ತಳಪಾಯ ಇರುವುದಿಲ್ಲ. ಬಿದಿರು ನೆಟ್ಟು, ಗರಿ ಹೊದಿಸಿ, ಹಗ್ಗ ಬಿಗಿದಿರುತ್ತಾರೆ. ಒಳಗೆ ಜನ ಕಿಕ್ಕಿರಿದಿರುತ್ತಾರೆ. ಅದೇ ಕೊಂಪೆ."

"ಅಂಥದ್ದು ಒಂದೂ ಉಳಿಯಬಾರದು" ಅಂದ ಅರಸ.

ಮರುದಿನ ಬೊಪ್ಪಯ್ಯನ ಆಳುಗಳು ಮೊದಲು ಕೈಯಿಟ್ಟದ್ದು ಅರಮನೆಯಂಗಳದ ಮದುವೆ ಚಪ್ಪರಕ್ಕೆ. ಅದರಲ್ಲೂ ಹಾಲುಗಂಬಕ್ಕೆ. ಹಾಲೆರೆದು ಪೂಜಿಸಿ ನೆಟ್ಟ ಆ ಮೊದಲ ಕಂಬ ಮದುವೆಗೆ ಮುಂಚೆ ಅಲುಗಿದರೆ ಮದುಮಗಳಿಗೆ ಕೇಡು ಎಂದು ಊರೆಲ್ಲ ನಂಬಿತ್ತು. ರಾಣಿ ಕಿರುಚಿದಳು. ಅರಸ ಬರಿಗಾಲಲ್ಲೇ ಓಡಿಬಂದ.

"ತಲೆ ಕೆಟ್ಟಿದೆಯಾ ಬೊಪ್ಪಯ್ಯ? ಇದು ಚಪ್ಪರ ಕಣಯ್ಯ."

"ತಳಪಾಯ ಹುಡುಕಿದೆ ಪ್ರಭು, ಸಿಗಲಿಲ್ಲ. ಬಿದಿರು ಅದೇ, ಗರಿ ಅದೇ, ಕಟ್ಟಿದ ಕೈಯೂ ಅದೇ. ಜನವೂ ಕಿಕ್ಕಿರಿಯುತ್ತಾರಂತೆ. ಬೀಗರು ಕೂತರೆ ಚಪ್ಪರ, ಸಿದ್ದವ್ವ ಮಲಗಿದರೆ ಕೊಂಪೆ ಅಂತ ಪಂಡಿತರು ಹೇಳಲೇ ಇಲ್ಲವಲ್ಲ."

ಪಂಡಿತರು ಅದೇ ಹೊತ್ತಿಗೆ ಜಪದ ನೆನಪಾಗಿ ಒಳಗೆ ಹೋದರು.

ಅರಸ ನಕ್ಕ. ನಗದೆ ಬೇರೆ ದಾರಿ ಇರಲಿಲ್ಲ. "ಆಯಿತು, ಎರಡೂ ಉಳಿಯಲಿ. ಆದರೆ ಇನ್ನು ಮೇಲೆ ಅದನ್ನು ಯಾರೂ ಕೊಂಪೆ ಅನ್ನಕೂಡದು. ಇವತ್ತಿನಿಂದ ಅದರ ಹೆಸರು ಕೇತರಸಪುರ. ಸಂತೋಷವೇ?"

"ಬಹಳ ಸಂತೋಷ ಪ್ರಭು. ಹೆಸರಂತೂ ಗಟ್ಟಿಯಾಯಿತು. ಆದರೆ ನಾಳೆ ಮಳೆಗೆ ಅದು ಕುಸಿದರೆ, ಕೊಂಪೆ ಕುಸಿಯಿತು ಅನ್ನುವ ಹಾಗಿಲ್ಲ. ಬೀಗರ ಎದುರಿಗೇ ಕೇತರಸಪುರ ಕುಸಿಯಿತು ಅಂತ ಕೂಗಬೇಕಾಗುತ್ತದೆ."

ಸೂರ್ಯ ಮುಳುಗುವುದರೊಳಗೆ ಹೆಂಚಿನ ಗಾಡಿಗಳು ಕೋಟೆ ಬಾಗಿಲು ದಾಟಿ ಕೇತರಸಪುರದ ಮುಂದೆ ನಿಂತವು.