ದೋಣಿಯಲ್ಲಿ ಒಂದೇ ಜಾಗ

"ಗುರುಗಳೇ, ನಾನು ಈಗ ಪುಸ್ತಕ ಹಿಡಿಯುವುದೇ ಇಲ್ಲ. ಫೋನೇ ಓದಿ ಹೇಳುತ್ತದೆ. ದಾರಿ ನಡೆಯುವಾಗ ಒಂದು ಮುಗಿಯುತ್ತದೆ, ಪಾತ್ರೆ ತೊಳೆಯುವಾಗ ಇನ್ನೊಂದು. ವೇಗ ಹೆಚ್ಚಿಸಿಕೊಂಡರೆ ಇನ್ನೂ ಬೇಗ. ಇದನ್ನು ಓದು ಎನ್ನಬಹುದೇ?" ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕರು. "ಮೊದಲು ಆ ಕಿವಿಗೆ ಸ್ವಲ್ಪ ಬಿಡುವು ಕೊಟ್ಟು ಕುಳಿತುಕೋ" ಎಂದು ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿಯಿದ್ದ. ಅವನಿಗೆ ಓದಿನ ಹುಚ್ಚು. ಗಿರಾಕಿ ಬಂದು ನಿಂತರೂ ಪುಟ ಮುಗಿಯುವವರೆಗೆ ತಲೆ ಎತ್ತುತ್ತಿರಲಿಲ್ಲ. ವ್ಯಾಪಾರ ಹೇಗೆ ನಡೆಯುತ್ತಿತ್ತೋ ದೇವರಿಗೇ ಗೊತ್ತು. ವಯಸ್ಸಾದ ಮೇಲೆ ಅವನ ಕಣ್ಣು ಪೂರ್ತಿ ಹೋಯಿತು.

ಪಕ್ಕದ ಮನೆಯ ರೈತ ದಿನಾ ಸಂಜೆ ಬಂದು ಓದಿ ಹೇಳತೊಡಗಿದ. ಅವನು ಕಲಿತದ್ದು ಕಡಿಮೆ. ಸಾಲಿನ ಕೆಳಗೆ ಬೆರಳಿಟ್ಟು, ತಡವರಿಸುತ್ತ ಓದುತ್ತಿದ್ದ. ಅರ್ಥವಾಗದ ಕಡೆ ನಿಲ್ಲಿಸಿ ಕೇಳುತ್ತಿದ್ದ. ಅರ್ಥವಾದ ಕಡೆಯೂ ನಿಲ್ಲಿಸಿ, ಕತೆಯಲ್ಲಿ ಇವನು ಹೀಗೆ ಮಾಡಬಾರದಿತ್ತು ಎಂದು ಜಗಳ ತೆಗೆಯುತ್ತಿದ್ದ. ವ್ಯಾಪಾರಿ ರೇಗುತ್ತಿದ್ದ. ಆದರೂ ಸಂಜೆಯಾದರೆ ಬಾಗಿಲ ಕಡೆಗೇ ಕಿವಿಯಿಟ್ಟು ಕೂರುತ್ತಿದ್ದ.

ಹೀಗೆ ಒಂದು ಕಾದಂಬರಿ ಅರ್ಧಕ್ಕೆ ಬಂತು. ಅದರಲ್ಲಿ ಒಬ್ಬ ಹೆಂಗಸು ಮುದಿ ಅತ್ತೆಯನ್ನು ಕರೆದುಕೊಂಡು ಹೊಳೆಯ ದಡಕ್ಕೆ ಬಂದಿದ್ದಾಳೆ. ನೀರು ಏರುತ್ತಿದೆ. ಇರುವುದು ಕೊನೆಯ ದೋಣಿ, ಅದರಲ್ಲಿ ಒಬ್ಬರಿಗೆ ಮಾತ್ರ ಜಾಗ. ಅಷ್ಟರಲ್ಲಿ ಸುಗ್ಗಿ ಬಂತು. ರೈತ ಪುಸ್ತಕ ಮುಚ್ಚಿಟ್ಟು ಹೊಲಕ್ಕೆ ಹೋದ.

ತಂದೆಯ ಬೇಸರ ನೋಡಲಾರದೆ ವ್ಯಾಪಾರಿಯ ಮಗಳು ಓದಿ ಹೇಳುವ ಫೋನು ತಂದುಕೊಟ್ಟಳು. ಅದು ತಡವರಿಸಲಿಲ್ಲ, ಜಗಳವನ್ನೂ ತೆಗೆಯಲಿಲ್ಲ. ವ್ಯಾಪಾರಿ ಆ ಕಾದಂಬರಿಯನ್ನು ಕೊನೆಯವರೆಗೆ ಕೇಳಿದ. ಅದು ಮುಗಿದೊಡನೆ ಫೋನು ಇನ್ನೊಂದನ್ನು ಹಿಡಿಯಿತು, ಅದನ್ನೂ ಕೇಳಿದ. ಅವನಿಗೆ ಕಣ್ಣು ಮರಳಿ ಬಂದಷ್ಟು ಸಂತೋಷವಾಯಿತು. ಸುಗ್ಗಿ ಮುಗಿಯುವಷ್ಟರಲ್ಲಿ ಒಂದು ಕಪಾಟಿನಷ್ಟು ಪುಸ್ತಕ ಅವನ ಕಿವಿಯಲ್ಲಿ ಹಾದುಹೋಗಿತ್ತು.

ರೈತನಿಗೆ ಜೋಳ ಕೊಯ್ಯುವಾಗಲೆಲ್ಲ ಆ ಹೊಳೆಯದೇ ಚಿಂತೆ. ಬಂದವನೇ, ಕೂರುವ ಮೊದಲೇ ಕೇಳಿದ.

"ಸಾವಕಾರ್ರ, ಆ ಹೆಣ್ಣುಮಗಳು ಹೊಳಿ ದಾಟಿದ್ಳೇನ್ರಿ?"

"ದಾಟಿದ್ಳು ಅನಸ್ತೈತಿ."

"ಮತ್ತ ಅತ್ತಿ?"

ವ್ಯಾಪಾರಿ ನೆನಪು ಮಾಡಿಕೊಳ್ಳಲು ನೋಡಿದ. ಹೊಳೆಯ ದಡದವರೆಗೆ ಎಲ್ಲ ನೆನಪಿತ್ತು. ರೈತ ಎಲ್ಲೆಲ್ಲಿ ತಡವರಿಸಿದ್ದ ಎಂಬುದೂ ನೆನಪಿತ್ತು. ಆಮೇಲಿನದು ಒಂದೂ ಇಲ್ಲ. ಅವನಿಗೆ ಭಯವಾಯಿತು. ಕಣ್ಣು ಹೋದ ಹಾಗೆ ಬುದ್ಧಿಯೂ ಹೊರಟಿತೇ ಎಂದುಕೊಂಡ.

ರೈತ, ತನಗೂ ಕೇಳಿಸಿರಿ ಎಂದು ಫೋನನ್ನು ಇಬ್ಬರ ನಡುವೆ ಇಟ್ಟ. ಕತೆ ದಡದಿಂದ ಮತ್ತೆ ಶುರುವಾಯಿತು. ನಾಲ್ಕು ಸಾಲು ಆಗಿರಲಿಲ್ಲ, "ತಡೀರಿ, ತಡೀರಿ. ಆ ಮುದುಕಿ ಯಾಕ ಸುಮ್ನ ನಿಂತಾಳ?" ಎಂದ ರೈತ. ವ್ಯಾಪಾರಿ ತಡಕಾಡಿ ಫೋನು ನಿಲ್ಲಿಸಿದ. ಅದನ್ನು ಅವನು ನಡುವೆ ನಿಲ್ಲಿಸಿದ್ದು ಅದೇ ಮೊದಲು. ಮುದುಕಿ ಸುಮ್ಮನೆ ನಿಂತದ್ದು ಸಿಟ್ಟಿಗೋ ಪ್ರೀತಿಗೋ ಎಂದು ಇಬ್ಬರೂ ಊಟದ ಹೊತ್ತಿನವರೆಗೆ ಜಗಳವಾಡಿದರು. ಆ ಸಂಜೆ ದೋಣಿ ದಡ ಬಿಡಲೇ ಇಲ್ಲ. ಆದರೆ ಮರುದಿನ ವ್ಯಾಪಾರಿಗೆ ಕೇಳಿದ್ದೆಲ್ಲ ನೆನಪಿತ್ತು.

ಗುರುಗಳು ಕತೆ ಮುಗಿಸಿದರು. ಶಿಷ್ಯನ ಮುಖ ಅರಳಿತು.

"ತಿಳಿಯಿತು ಗುರುಗಳೇ. ದೋಷ ಫೋನಿನದಲ್ಲ, ನಿಲ್ಲಿಸದೆ ಕೇಳುವವನದು. ಬಹಳ ಚೆನ್ನಾಗಿತ್ತು. ಇನ್ನೊಂದು ಹೇಳಿ."

ಗುರುಗಳು ಅವನನ್ನೇ ನೋಡಿದರು.

"ಹೇಳೋಣ, ಆದರೆ ಆ ದೋಣಿಯನ್ನು ಯಾರು ಹತ್ತಿದರು ಎಂದು ನೀನು ಕೇಳಲೇ ಇಲ್ಲವಲ್ಲ."