ಗೂಬೆ ಬರೆಯದೆ ಬಿಟ್ಟ ಸಾಲು

ಕಾಡಿನ ಕಂಪ್ಯೂಟರ್‌ಗೆ ಗೂಬೆ ಕೈಪಿಡಿ ಬರೆದಿತ್ತು. ಅದನ್ನು ಓದಿ ಕಮಾಂಡ್ ಕೊಡುವುದು ಗಿಳಿಯ ಕೆಲಸ. ಗಿಳಿ ಮೈನಾವನ್ನು ಗಾಯಕರ ಗುಂಪಿಗೆ ಸೇರಿಸಿದಾಗ, ಮಾವಿನ ಮರದ ನಿವಾಸಿಗಳ ಗುಂಪಿನಿಂದ ಅದರ ಹೆಸರು ಅಳಿಸಿಹೋಯಿತು. ಆ ಗುಂಪಿನವರಿಗಷ್ಟೇ ತೆರೆಯುವ ಗೂಡಿನ ಬಾಗಿಲು ಮೈನಾಗೆ ತೆರೆಯಲಿಲ್ಲ. ಒಳಗೆ ಮರಿಗಳು ಅಳುತ್ತಿದ್ದವು.

ಗೂಬೆ ಅದನ್ನು ಸರಿಪಡಿಸಿ ಗಿಳಿಯನ್ನು ಗದರಿತು: "ಹಳೆಯ ಗುಂಪುಗಳು ಉಳಿಯಬೇಕಾದರೆ 'ಜೊತೆಗೆ' ಎಂಬ ಆಯ್ಕೆಯನ್ನೂ ಕೊಡಬೇಕು."

"ಕೈಪಿಡಿಯಲ್ಲಿ ಹಾಗಿಲ್ಲವಲ್ಲ."

"ಎಲ್ಲರಿಗೂ ತಿಳಿದದ್ದನ್ನು ನಾನು ಬರೆಯುವುದಿಲ್ಲ. ಕೈಪಿಡಿಯಲ್ಲಿ ಬರೆದಷ್ಟನ್ನು ನೀನು ಮಾಡು."

ಮರುದಿನ ಸಿಂಹ ಗೂಬೆಯನ್ನು ಮಂತ್ರಿಗಳ ಗುಂಪಿಗೆ ಸೇರಿಸಲು ಹೇಳಿತು. ಗಿಳಿ ಬರೆದಷ್ಟೇ ಮಾಡಿತು, 'ಜೊತೆಗೆ' ಕೊಡಲಿಲ್ಲ. ಗೂಬೆಯ ಪೊಟರೆಯ ಬಾಗಿಲು ತೆರೆಯದೆ ಹೊಸ ಮಂತ್ರಿಗಳು ಹಗಲಿಡೀ ಹೊರಗೆ ಕುಳಿತು ಕಾಗೆಗಳಿಂದ ಕುಕ್ಕಿಸಿಕೊಂಡರು.

ಸಂಜೆ ಗಿಳಿ ವಿನಯದಿಂದ ಕೇಳಿತು, "ಮಂತ್ರಿಗಳ ಮೊದಲ ಅಪ್ಪಣೆ ಏನು?"

"'ಜೊತೆಗೆ' ಎಂದರೇನೆಂದು ಕೈಪಿಡಿಯಲ್ಲಿ ಬರಿ," ಎಂದಿತು ಗೂಬೆ. "ದಪ್ಪ ಅಕ್ಷರದಲ್ಲಿ."