ನಾರಿನಲ್ಲಿ ಕಟ್ಟಿದ ನಿತ್ಯಪುಷ್ಪ

“ಬುದ್ಧಿ, ನಿತ್ಯ ಅಂದ್ರೆ ಎಷ್ಟು ದಿವಸ?”

ಮಠದ ಗುರುಗಳನ್ನು ಹೀಗೆ ಕೇಳಿದವನು ಗುರುಪಾದಯ್ಯ. ಮಠದ ಅಡುಗೆಮನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಸೌಟು ಹಿಡಿದವನು. ಬಾಗಿಲ ಮೇಲೆ ‘ನಿತ್ಯದಾಸೋಹ’ ಎಂದು ಬರೆದಿತ್ತು. ಬಂದವರಿಗೆಲ್ಲ ದಿನವೂ ಅನ್ನ. ಅವನು ಒಂದು ದಿನವೂ ಒಲೆ ಬಿಟ್ಟು ಹೋದವನಲ್ಲ, ಇನ್ನೊಬ್ಬರ ಕೈಗೆ ಸೌಟು ಕೊಟ್ಟವನೂ ಅಲ್ಲ. ಈಗ ಬಲಗೈ ಹೆಗಲಿಂದ ಮೇಲೇಳುತ್ತಿರಲಿಲ್ಲ. ಅದು ಹೋಗಲಿ ಎಂದರೆ, ಊರಿನಲ್ಲಿ ಅಕ್ಕ ಹಾಸಿಗೆ ಹಿಡಿದಿದ್ದಳು. ಒಮ್ಮೆ ಬಂದು ಮುಖ ತೋರಿಸಿ ಹೋಗು ಎಂದು ಎರಡು ಸಲ ಹೇಳಿ ಕಳಿಸಿದ್ದಳು.

“ಸಾಕಾಗಿದೆ ಬುದ್ಧಿ,” ಎಂದ. “ಆದ್ರೆ ಬಿಡೋ ಹಾಗಿಲ್ಲ.”

ಗುರುಗಳಿಗೂ ವಯಸ್ಸಾಗಿತ್ತು. ಅಂಗಳದ ಕಟ್ಟೆಗೆ ಒರಗಿ, ಒಂದಷ್ಟು ಉಸಿರು ತೆಗೆದುಕೊಂಡು, ಕತೆ ಹೇಳಿದರು.

ಒಂದು ಛತ್ರದಲ್ಲಿ ಒಬ್ಬ ಮಾಲಿ ಇದ್ದ. ಛತ್ರದ ಯಜಮಾನ ದಾರಿಯ ಎರಡು ಬದಿಗೂ ಹೊಸ ಗಿಡ ನೆಡಿಸಿದ. ಬಿಳಿ, ಗುಲಾಬಿ, ನೇರಳೆ ಬಣ್ಣದ ಐದೆಸಳಿನ ಹೂವು. “ಇದರ ಹೆಸರು ನಿತ್ಯಪುಷ್ಪ. ಹೆಸರು ಕೆಡದ ಹಾಗೆ ನೋಡ್ಕೊ,” ಎಂದು ಹೇಳಿ ಹೋದ. ಮಾಲಿ ಅದುವರೆಗೆ ಆ ಗಿಡವನ್ನು ಕಂಡವನಲ್ಲ. ಹೆಸರನ್ನೇ ನಂಬಿದ.

ಕೆಲವು ದಿನ ಕಳೆದು ನೋಡಿದರೆ ಹೂವು ನೆಲದ ಮೇಲಿತ್ತು. ಎಷ್ಟೋ ಹೂವುಗಳು ಗಿಡದಲ್ಲೇ ಬಾಡಿ ಒಣಗುತ್ತವೆ. ಇದು ಪೂರ್ತಿ ಬಾಡುವ ಮೊದಲೇ ತಾನಾಗಿ ಕಳಚಿ ಬೀಳುತ್ತದೆ. ಅದು ಆ ಗಿಡದ ಗುಣ. ಮಾಲಿಗೆ ಅದು ತನ್ನ ತಪ್ಪಿನಂತೆ ಕಂಡಿತು. ಬಾಳೆನಾರು ಸೀಳಿ ತಂದು, ಬಿದ್ದ ಹೂವನ್ನು ಒಂದೊಂದಾಗಿ ಮತ್ತೆ ಗಿಡಕ್ಕೆ ಕಟ್ಟಿದ.

ಮಾರನೆಯ ದಿನ ಇನ್ನಷ್ಟು ಬಿದ್ದವು. ಅವನ್ನೂ ಕಟ್ಟಿದ. ಬೆಳಗಿನಿಂದ ಸಂಜೆಯವರೆಗೆ ಅದೇ ಕೆಲಸವಾಯಿತು. ಬೆನ್ನು ಬಾಗಿತು, ಕಣ್ಣು ಮಂಜಾಯಿತು. ಮಗಳು ಹೆತ್ತಳು, ಮಗುವಿಗೆ ಹೆಸರಿಡುತ್ತೇವೆ ಬಾ ಎಂದು ಕರೆ ಬಂತು. ಗಿಡದ ಹೆಸರು ಕಾಯಲು ಕೂತ ಪುಣ್ಯಾತ್ಮ ಮೊಮ್ಮಗುವಿನ ಹೆಸರು ಕೇಳಲು ಹೋಗಲಿಲ್ಲ.

ಎಂಟು ತಿಂಗಳು ಹೀಗೇ ಕಳೆಯಿತು. ಒಂದು ದಿನ ಹೂ ಕಟ್ಟಿ ಮಾರುವ ಮುದುಕಿಯೊಬ್ಬಳು ಆ ದಾರಿಯಲ್ಲಿ ಬಂದಳು. ನಿಂತು ನೋಡಿದಳು.

“ಇದೇನಪ್ಪ, ಹೂವನ್ನ ದಾರಕ್ಕೆ ಕಟ್ಟೋದು ಗೊತ್ತು. ಗಿಡಕ್ಕೆ ಕಟ್ಟೋದನ್ನ ಇವತ್ತೇ ನೋಡಿದ್ದು.”

“ಇದು ನಿತ್ಯಪುಷ್ಪ ಕಣಮ್ಮ. ಉದುರಿದ್ರೆ ಹೆಸರು ಹೋಗುತ್ತೆ,” ಎಂದ ಮಾಲಿ. ತಲೆ ಎತ್ತಲೂ ಆಗದಷ್ಟು ಸೋತಿದ್ದ.

“ಆ ಹೆಸರು ಗಿಡದ್ದು, ಹೂವಿನದಲ್ಲ. ದಿನಾ ಹೊಸ ಹೂ ಬಿಡುತ್ತೆ ಅಂತ. ನಾರು ಬಿಚ್ಚಿ ನೋಡು.”

ಬಿಚ್ಚಿದ. ನಾರಿನ ಬಿಗಿಗೆ ಸಿಕ್ಕಿ ಮೊಗ್ಗುಗಳು ನಲುಗಿದ್ದವು. ಇಂದು ಅರಳಬೇಕಾದವೂ ಇದ್ದವು, ನಾಳೆ ಅರಳಬೇಕಾದವೂ ಇದ್ದವು. ಮಾಲಿ ಅಲ್ಲೇ ನೆಲದ ಮೇಲೆ ಕೂತ. ಉಳಿದ ನಾರನ್ನೂ ಒಂದೊಂದಾಗಿ ಬಿಚ್ಚಿದ.

ಆಮೇಲೆ ಮಗಳ ಊರಿಗೆ ಹೋದ. ಮಗು ಆಗಲೇ ಅಂಬೆಗಾಲಿಡುತ್ತಿತ್ತು. ಅಜ್ಜನ ಗುರುತು ಹತ್ತದೆ ಅತ್ತು, ತಾಯಿಯ ಸೆರಗಿನಲ್ಲಿ ಮುಖ ಮರೆಸಿತು. ಎರಡು ವಾರ ಇದ್ದು ಮಾಲಿ ಹಿಂದಿರುಗಿದ. ದಾರಿಯ ಎರಡು ಬದಿಯೂ ಹೂವು ತುಂಬಿತ್ತು. ಬಿದ್ದದ್ದು ಬಿದ್ದಲ್ಲೇ ಇತ್ತು, ಮೇಲೆ ಗಿಡದಲ್ಲಿ ಹೊಸದು ಅರಳಿತ್ತು. ಅವನು ಹೋದದ್ದು ಛತ್ರದಲ್ಲಿ ಯಾರ ಗಮನಕ್ಕೂ ಬಂದಿರಲಿಲ್ಲ. ಮಗು ಅತ್ತದ್ದಕ್ಕಿಂತ ಇದೇ ಅವನಿಗೆ ಹೆಚ್ಚು ನೋವು ಕೊಟ್ಟಿತು.

ಗುರುಗಳು ಕತೆ ನಿಲ್ಲಿಸಿದರು.

ಗುರುಪಾದಯ್ಯ ಹೆಗಲು ಒತ್ತಿಕೊಳ್ಳುತ್ತ ನಿಂತಿದ್ದ. “ಅರ್ಥವಾಯ್ತು ಬುದ್ಧಿ. ಅಕ್ಕನ್ನ ನೋಡಲೇಬೇಕು,” ಎಂದ. ಮತ್ತೆ ಕೇಳಿದ. “ಆದ್ರೆ ನಾಳೆ ನಾನು ಹೋದ್ರೆ, ಇಲ್ಲಿ ಒಲೆ ಹಚ್ಚೋರು ಯಾರು?”

ಗುರುಗಳು ಅವನನ್ನೇ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

“ಯಾರು ಅಂತ ತಿಳ್ಕೊಳ್ಳೋಕೆ ಕೇಳ್ತಿದ್ದೀಯೋ ಗುರುಪಾದ, ಯಾರೂ ಇಲ್ಲ ಅಂತ ಹೇಳಿಸ್ಕೊಳ್ಳೋಕೆ ಕೇಳ್ತಿದ್ದೀಯೋ?”